ಮೂಗಿನ ಹಟ

ಮೊಲವನ್ನು ಬಿಲದಿಂದ ಹೊರಡಿಸಲೆಂದು ಇಂಗ್ಲೆಂಡಿನ ಹಳ್ಳಿಗರು ಸಾಕುತ್ತ ಬಂದ ಫೆರೆಟ್ ಎಂಬ ಪ್ರಾಣಿ ಈಗ ಅಲ್ಲಿನ ಅನೇಕ ಮನೆಗಳಲ್ಲಿ ಮುದ್ದಿನ ಕೂಸಾಗಿದೆ. ಮೈಕಟ್ಟು ನಮ್ಮ ಮುಂಗುಸಿಯಂತೆ. ಕುಲ ಮಾತ್ರ ನೀರುನಾಯಿಯದು. ಮನೆ ಸೇರಿದ ಅದರ ತಟ್ಟೆಗೆ ಬಿದ್ದದ್ದು ಅಂಗಡಿಯ ಒಣಗುಳಿಗೆ.

ಊಟ ಬದಲಾದರೂ ಕರುಳು ಬದಲಾಗಲಿಲ್ಲ. ಉಂಡದ್ದು 3-4 ಗಂಟೆಗಳಲ್ಲಿ ಹೊರಬೀಳುವಷ್ಟು ಗಿಡ್ಡನೆಯ ಆ ಕರುಳಿಗೆ ಧಾನ್ಯವನ್ನು ಅರಗಿಸುವ ವ್ಯವಧಾನವಿಲ್ಲ. ಆದಕಾರಣ ಕೆಲವರು ಹಸಿಮಾಂಸಕ್ಕೆ ಮರಳಲು ಯತ್ನಿಸುತ್ತಾರೆ. ಆಗ ನೋಡಬೇಕು ವಿಚಿತ್ರ! ಹುಟ್ಟು ಬೇಟೆಗಾರ ಮಾಂಸವನ್ನು ಮೂಸಿ ಮುಖ ತಿರುಗಿಸುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳುಗಳಲ್ಲಿ ಮೂಗಿಗೆ ಪರಿಚಯವಾದ ವಾಸನೆಯೇ ಅದರ ಪಾಲಿಗೆ ಆಹಾರ, ಉಳಿದುದೆಲ್ಲ ಪರಕೀಯ.

‘ಹಸಿದರೆ ತಾನೇ ತಿಂದೀತು’ ಎಂಬ ಹಿರಿಯರ ಮಾತು ಇಲ್ಲಿ ಸಲ್ಲದು. ವಯಸ್ಸಾದ ಫೆರೆಟ್‌ಗಳಲ್ಲಿ ಮೇದೋಜೀರಕದ ಗಂಟು ಸಾಮಾನ್ಯ. ಅಂಥದಕ್ಕೆ ಕೆಲವೇ ಗಂಟೆಗಳ ಉಪವಾಸವೂ ರಕ್ತದ ಸಕ್ಕರೆಯನ್ನು ಇಳಿಸಿ ಪ್ರಾಣಕ್ಕೆ ಎರವಾದೀತು. ಬಲ್ಲವರು ಪಶುವೈದ್ಯರನ್ನು ಕೇಳಿ, ನೆನೆಸಿದ ಗುಳಿಗೆಗೆ ಅರೆದ ಮಾಂಸವನ್ನು ಚಿಟಿಕೆಯಷ್ಟು ಬೆರೆಸಿ, ವಾರದಿಂದ ವಾರಕ್ಕೆ ಹೆಚ್ಚಿಸುತ್ತಾರೆ. ಬರಿಯ ಮಾಂಸವೂ ಸಾಲದು. ಎಲುಬಿಲ್ಲದಿದ್ದರೆ ಸುಣ್ಣದಂಶ ಕಡಮೆಯಾಗುತ್ತದೆ. ಹಸಿಮಾಂಸದಲ್ಲಿ ಸಾಲ್ಮೊನೆಲ್ಲದಂಥ ರೋಗಾಣುಗಳಿರಬಹುದಾದ್ದರಿಂದ, ಮಕ್ಕಳಿರುವ ಮನೆಯಲ್ಲಿ ಕೈಯನ್ನೂ ಪಾತ್ರೆಯನ್ನೂ ಚೆನ್ನಾಗಿ ತೊಳೆಯಲೇಬೇಕು.

ಹುಟ್ಟುಗುಣದ ಊಟವನ್ನೂ ಹೊಸದಾಗಿ ಕಲಿಸಬೇಕಾಗಿ ಬಂದಿರುವುದು ಮನುಷ್ಯನ ಸಹವಾಸದ ಫಲ. ಅಭ್ಯಾಸ ಮಾಡಿಸಿದವನೇ ಅದನ್ನು ಬಿಡಿಸುವ ತಾಳ್ಮೆಯನ್ನೂ ತೋರಬೇಕಲ್ಲವೆ?