ತೆರೆಯ ಮೇಲೆ ನಾವು, ತೆರೆಯ ಮುಂದೆ ಯಾರು?

ನಮ್ಮ ದೇಶದ ಸಾಕ್ಷ್ಯಚಿತ್ರಗಳಿಗೆ ಈಚಿನ ವರ್ಷಗಳಲ್ಲಿ ಹೊರದೇಶಗಳಲ್ಲಿ ದೊರೆತ ಮನ್ನಣೆ ಸಣ್ಣದಲ್ಲ. 2021ರಲ್ಲಿ ಪಾಯಲ್ ಕಪಾಡಿಯಾ ಅವರ ಚಿತ್ರಕ್ಕೂ, 2022ರಲ್ಲಿ ಶೌನಕ್ ಸೇನ್ ಅವರ ಚಿತ್ರಕ್ಕೂ ಕಾನ್ ಉತ್ಸವದ ಸಾಕ್ಷ್ಯಚಿತ್ರ ಪ್ರಶಸ್ತಿ ಬಂತು. ಉತ್ತರ ಪ್ರದೇಶದ ದಲಿತ ಹೆಣ್ಣುಮಕ್ಕಳು ನಡೆಸುವ 'ಖಬರ್ ಲಹರಿಯಾ' ಪತ್ರಿಕೆಯನ್ನು ಕುರಿತ 'ರೈಟಿಂಗ್ ವಿತ್ ಫೈರ್' ಚಿತ್ರ 2022ರಲ್ಲಿ ಆಸ್ಕರ್ ಪ್ರಶಸ್ತಿಯ ಕೊನೆಯ ಸುತ್ತಿನವರೆಗೆ ಹೋಯಿತು. ಮುದುಮಲೆಯ ಕಾಡಿನಲ್ಲಿ ಆನೆಮರಿ ಸಾಕಿದ ದಂಪತಿಗಳ ಕಿರುಚಿತ್ರ 2023ರಲ್ಲಿ ಆ ಪ್ರಶಸ್ತಿಯನ್ನೇ ಗೆದ್ದುಕೊಂಡಿತು. ತಾರೆಯರಿಲ್ಲದೆ, ಹಾಡು ಕುಣಿತವಿಲ್ಲದೆ, ವರ್ಷಗಟ್ಟಲೆ ಬೆವರು ಸುರಿಸಿ ತೆಗೆದ ಚಿತ್ರಗಳಿವು. ಸಂತೋಷಪಡೋಣ.

ಆದರೆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ. ಈ ಚಿತ್ರಗಳನ್ನು ಯಲ್ಲಾಪುರದಲ್ಲಿ ಎಷ್ಟು ಜನ ನೋಡಿದ್ದಾರೆ? ದಾಂಡೇಲಿಯ ಕಾಗದದ ಗಿರಣಿಯಲ್ಲಿ ಪಾಳಿ ಮುಗಿಸಿ ಬರುವ ಕೆಲಸಗಾರ, ಶಿರಸಿಯ ಪೇಟೆಯಲ್ಲಿ ರಾತ್ರಿ ಅಂಗಡಿಯ ಹಲಗೆ ಹಾಕುವ ಚಿಕ್ಕ ವ್ಯಾಪಾರಿ, ಮಾಗೋಡಿನ ಅಡಕೆ ತೋಟದ ಕೂಲಿಯಾಳು, ಇವರಿಗೆ ಆ ಚಿತ್ರಗಳ ಹೆಸರಾದರೂ ಮುಟ್ಟಿದೆಯೆ? ಬಡವನ ಬದುಕನ್ನು ಚಿತ್ರವಾಗಿಸಿ ಪರದೇಶದಲ್ಲಿ ಚಪ್ಪಾಳೆ ಗಿಟ್ಟಿಸಿ, ಬಡವನಿಗೆ ಮಾತ್ರ ತೋರಿಸದೆ ಉಳಿದರೆ ಆ ಮನ್ನಣೆ ಅರ್ಧ ಮನ್ನಣೆಯೇ ಸರಿ.

ಜನರಿಗೆ ಇಂಥ ಚಿತ್ರಗಳಲ್ಲಿ ಆಸಕ್ತಿಯಿಲ್ಲವೆಂದು ಸಿನೇಮಾ ವ್ಯವಹಾರದವರು ಹೇಳುತ್ತಾರೆ. ಈ ಮಾತಿಗೊಂದು ಇತಿಹಾಸವಿದೆ. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರಗಳನ್ನು ಪ್ರತಿಯೊಂದು ಟಾಕೀಸಿನಲ್ಲಿಯೂ ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೇಬೇಕೆಂಬ ಕಟ್ಟುಪಾಡು ದಶಕಗಳ ಕಾಲ ಇತ್ತು. ಅಣೆಕಟ್ಟಿನ ಉದ್ಘಾಟನೆ, ಮಂತ್ರಿಗಳ ಪ್ರವಾಸ, ನೆರೆ ಪರಿಹಾರ! ಪ್ರೇಕ್ಷಕರು ಅಷ್ಟರಲ್ಲಿ ಹೊರಗೆ ಬೀಡಿ ಸೇದಿ ಬರುತ್ತಿದ್ದರು. ಆ ಸಂಸ್ಥೆಯಿಂದ ಒಳ್ಳೆಯ ಚಿತ್ರಗಳೂ ಬಂದವು. ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರನ್ನು ಕುರಿತು ತೆಗೆದದ್ದನ್ನು ಮರೆಯುವಂತಿಲ್ಲ. ಆದರೆ ಸಾಕ್ಷ್ಯಚಿತ್ರವೆಂದರೆ ಸರಕಾರದ ತುತ್ತೂರಿ ಎಂಬ ಭಾವನೆ ಜನರಲ್ಲಿ ಬೇರೂರಿತು. 2022ರಲ್ಲಿ ಆ ಸಂಸ್ಥೆ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು. ಭಾವನೆ ಇನ್ನೂ ಅಳಿದಿಲ್ಲ.

ಸರಕಾರದ ಹಂಗಿಲ್ಲದೆ ತೆಗೆದ ಚಿತ್ರ ಬೇರೆಯೇ ಒಂದು ವಸ್ತು. ಆನಂದ ಪಟವರ್ಧನರು 1996ರಲ್ಲಿ 'ಆಕ್ಯುಪೇಶನ್: ಮಿಲ್ ವರ್ಕರ್' ಎಂಬ ಕಿರುಚಿತ್ರ ತೆಗೆದರು. ಮುಂಬಯಿಯ ಒಂದು ಗಿರಣಿಗೆ ಮಾಲಿಕರು ಬೀಗ ಹಾಕಿ ವರ್ಷಗಳೇ ಕಳೆದಿದ್ದವು. ಗಿರಣಿ ನಡೆಸುವುದಕ್ಕಿಂತ ಗಿರಣಿಯ ನೆಲ ಮಾರುವುದೇ ಲಾಭವೆನಿಸಿದ ಕಾಲ ಅದು. ಕೆಲಸಗಾರರು ಒಳನುಗ್ಗಿ ತಾವೇ ಗಿರಣಿಯನ್ನು ವಶಪಡಿಸಿಕೊಂಡರು. ಕ್ಯಾಮರಾ ಅವರ ಜತೆಗಿತ್ತು. ಗಿರಣಿ ಮುಚ್ಚಿದ ಹುಬ್ಬಳ್ಳಿ, ದಾವಣಗೆರೆಗಳ ಕಾರ್ಮಿಕ ಮನೆತನಗಳಿಗೆ ಇದು ಪರರ ಕಥೆಯೆ? ಅದನ್ನು ಅವರ ಮುಂದೆ ತೋರಿಸುವ ಒಂದು ತೆರೆಯಾದರೂ ಬೇಡವೆ?

ತೆರೆಯ ದಾರಿಗೆ ಕಾಯದೆಯೂ ಅಡ್ಡ ನಿಂತಿದೆ. 1952ರ ಸಿನೇಮಾ ಕಾಯದೆಯಂತೆ ಪ್ರಮಾಣಪತ್ರವಿಲ್ಲದ ಚಿತ್ರವನ್ನು ಸಾರ್ವಜನಿಕವಾಗಿ ತೋರಿಸುವಂತಿಲ್ಲ. ನಗರಗಳ ಸಿರಿತನ ಬಡತನಗಳನ್ನು ಎದುರುಬದುರು ಇಟ್ಟು ತೋರಿಸಿದ ಕೆ. ಎ. ಅಬ್ಬಾಸರ ಕಿರುಚಿತ್ರಕ್ಕೆ ಸೆನ್ಸಾರಿನವರು ಕತ್ತರಿ ಎತ್ತಿದಾಗ ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1970ರ ತೀರ್ಪು ಸೆನ್ಸಾರನ್ನು ಎತ್ತಿಹಿಡಿಯಿತಾದರೂ, ಮೇಲ್ಮನವಿ ಕೇಳುವ ಒಂದು ಮಂಡಳಿಗೆ ಆ ಮೊಕದ್ದಮೆಯೇ ದಾರಿ ಮಾಡಿತು. ಆ ಮಂಡಳಿ 1983ರಲ್ಲಿ ಬಂತು. 2021ರಲ್ಲಿ ಕೇಂದ್ರ ಸರಕಾರ ಅದನ್ನು ರದ್ದುಮಾಡಿತು. ಇಂದು ಕತ್ತರಿಯನ್ನು ಒಪ್ಪದ ನಿರ್ಮಾಪಕ ನೇರವಾಗಿ ಹೈಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು. ಕೋಟಿಗಳ ಚಿತ್ರ ತೆಗೆಯುವವನು ವಕೀಲರನ್ನು ಇಟ್ಟಾನು. ಸಾಲ ಮಾಡಿ ಕ್ಯಾಮರಾ ಹಿಡಿದವನು ಏನು ಮಾಡಬೇಕು? 2004ರಲ್ಲಿ ಮುಂಬಯಿಯ ಸರಕಾರಿ ಚಿತ್ರೋತ್ಸವ ತಮ್ಮ ಚಿತ್ರಗಳನ್ನು ಹೊರಗಿಟ್ಟಾಗ ಸ್ವತಂತ್ರ ನಿರ್ಮಾಪಕರು ಒಟ್ಟುಗೂಡಿ 'ವಿಕಲ್ಪ' ಎಂಬ ತಮ್ಮದೇ ಉತ್ಸವ ನಡೆಸಿದರು. ಸಂಘಟನೆಯ ಬಲವೇನೆಂಬುದು ನಮ್ಮ ಓದುಗರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ಮಾಗೋಡಿನಲ್ಲಿ ಬೇಡ್ತಿ ಎರಡು ಹೆಜ್ಜೆಯಲ್ಲಿ ಕಮರಿಗೆ ಧುಮುಕುವುದನ್ನು ನೋಡಲು ಜನ ದೂರದಿಂದ ಬರುತ್ತಾರೆ, ನೋಡಿ ಹೋಗುತ್ತಾರೆ. ಆದರೆ ಈ ನದಿಯ ನಿಜವಾದ ಕಥೆ ಜಲಪಾತದಲ್ಲಿಲ್ಲ, ದಂಡೆಯ ಜನರಲ್ಲಿದೆ. ಬೇಡ್ತಿಗೆ ವಿದ್ಯುತ್ ಯೋಜನೆ ಬಂದಾಗ ಕಾಡೂ ತೋಟವೂ ಮುಳುಗುವ ಭಯ ಹುಟ್ಟಿತು. 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳೂ ಬೆಳೆಗಾರರೂ ಒಟ್ಟಿಗೆ ಕುಳಿತು ಲಾಭನಷ್ಟಗಳ ಲೆಕ್ಕ ಮುಂದಿಟ್ಟರು, ಯೋಜನೆ ನಿಂತಿತು. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ಅತ್ತ ಕಾಳಿಯ ಅಣೆಕಟ್ಟಿನಡಿ ಸೂಪಾ ಊರು ಮುಳುಗಿಹೋಯಿತು. ಅಲ್ಲಿಯ ಬೀದಿಯನ್ನೂ ಸಂತೆಯನ್ನೂ ಕಣ್ಣಾರೆ ಕಂಡವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಬಾಯಿಬಿಟ್ಟು ಹೇಳುವುದನ್ನು ಇಂದು ಹಿಡಿದಿಡದಿದ್ದರೆ ಮತ್ತೆಂದು?

ಈಗ ಬೇಡ್ತಿಯ ನೀರನ್ನು ವರದೆಗೆ ತಿರುಗಿಸುವ ಯೋಜನೆಯ ಮಾತು ಮತ್ತೆ ಎದ್ದಿದೆ. ಘಟ್ಟದ ಜನ ಬೇಡವೆನ್ನುತ್ತಾರೆ; ಬಯಲುಸೀಮೆಯ ರೈತ ನೀರು ಕೇಳುತ್ತಾನೆ. ಇಬ್ಬರೂ ದುಡಿದು ತಿನ್ನುವವರೇ. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವುದು ರಾಜಕಾರಣಿಗಳ ಭಾಷಣದ ಮೂಲಕ, ಅದೂ ತಿರುಚಿ. ಹಾವೇರಿಯ ಒಣಗಿದ ಹೊಲವನ್ನು ಮಾಗೋಡಿನವರೂ, ಬೇಡ್ತಿಯ ಕಣಿವೆಯನ್ನು ಹಾವೇರಿಯವರೂ ಒಂದೇ ತೆರೆಯ ಮೇಲೆ ನೋಡಿದರೆ ಜಗಳ ಮುಗಿಯಲಿಕ್ಕಿಲ್ಲ. ಆದರೆ ಯಾರ ಲಾಭಕ್ಕೆ ಯಾರನ್ನು ಎತ್ತಿಕಟ್ಟಲಾಗುತ್ತಿದೆಯೆಂಬುದಾದರೂ ತಿಳಿದೀತು. ಅಶ್ವಿನಿಕುಮಾರ ಭಟ್ಟರು ಅಘನಾಶಿನಿಯನ್ನು ಕುರಿತು ಸಾಕ್ಷ್ಯಚಿತ್ರ ತೆಗೆದಿದ್ದಾರೆ. ಶಿರಸಿ ಸೀಮೆಯಲ್ಲಿ ಹುಟ್ಟಿ ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಆ ನದಿಯಂತೆ ಬೇಡ್ತಿಯೂ ಒಂದು ತೆರೆಗೆ ಅರ್ಹವಾಗಿದೆ.

ನೋಡುವವರಿಲ್ಲವೆಂಬ ಮಾತನ್ನು ನಾವು ನಂಬುವುದಿಲ್ಲ. ಸಿದ್ದಾಪುರದ ನೆರೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1970ರ ದಶಕದಲ್ಲಿಯೇ ನೀನಾಸಮ್ ಚಿತ್ರಸಮಾಜದ ಮೂಲಕ ಸತ್ಯಜಿತ್ ರಾಯ್, ಕುರೋಸಾವಾ ಮೊದಲಾದವರ ಚಿತ್ರಗಳನ್ನು ಹಳ್ಳಿಗರಿಗೆ ತೋರಿಸಿದರು. ಭಾಷೆ ತಿಳಿಯದಿದ್ದಲ್ಲಿ ಕನ್ನಡದಲ್ಲಿ ವಿವರಿಸಿ ಹೇಳಿದರು. ಜನ ಕುಳಿತು ನೋಡಿದರು, ಚರ್ಚಿಸಿದರು. 2020ರ ಜನವರಿಯಲ್ಲಿ 'ವೈಲ್ಡ್ ಕರ್ನಾಟಕ', 2022ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರರ 'ಗಂಧದ ಗುಡಿ' ಟಾಕೀಸಿಗೇ ಬಂದವು. ಜನ ಹಣ ಕೊಟ್ಟು ನೋಡಿದರು. ಕಾಡಿನ ಚೆಲುವಿಗೆ ಸಿಕ್ಕ ತೆರೆ, ಕಾಡಿನಲ್ಲಿ ದುಡಿಯುವವನ ಕಷ್ಟಕ್ಕೂ ಸಿಗಬೇಕು.

ಚಿತ್ರ ತೆಗೆಯುವವರಿಗೂ ಒಂದು ಮಾತು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಗಳ ಕೇರಿಗೆ ಕ್ಯಾಮರಾ ಹೊತ್ತು ಬಂದವರು ಕಡಿಮೆಯಲ್ಲ. ತೆಗೆದದ್ದನ್ನು ಆ ಕೇರಿಗೇ ತಂದು ತೋರಿಸುವುದು ಉಪಕಾರವಲ್ಲ, ಋಣ. ಮುದುಮಲೆಯ ಚಿತ್ರ ಪ್ರಶಸ್ತಿ ಗೆದ್ದ ವರ್ಷವೇ, ತಮಗೆ ಸಲ್ಲಬೇಕಾದದ್ದು ಸಲ್ಲಲಿಲ್ಲವೆಂದು ಆ ದಂಪತಿಗಳು ದೂರಿದರು, ಚಿತ್ರದವರು ಅಲ್ಲಗಳೆದರು. ಸತ್ಯ ಯಾರ ಕಡೆಗಿರಲಿ, ಬಡವನ ಮುಖ ತೆರೆಗೆ ಬರುವ ಮುಂಚೆಯೇ ಕರಾರು ಬಾಯಿಮಾತಿನಲ್ಲಿ ಉಳಿಯದೆ ಕಾಗದದ ಮೇಲೆ ಬರಬೇಕು.

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಲಾಭಕ್ಕಲ್ಲದೆ ಸಂಘ, ಶಾಲೆ, ಗ್ರಂಥಾಲಯಗಳಲ್ಲಿ ತೋರಿಸುವ ಸಾಕ್ಷ್ಯಚಿತ್ರಗಳಿಗೆ ಪ್ರಮಾಣಪತ್ರದ ವಿನಾಯಿತಿ ಸಿಗಬೇಕು. ರದ್ದಾದ ಮೇಲ್ಮನವಿ ಮಂಡಳಿ ಮರಳಿ ಬರಬೇಕು. ಸರಕಾರದ ಸಹಾಯ ಪಡೆದ ಪ್ರತಿ ಚಿತ್ರಕ್ಕೂ ಕನ್ನಡ ಅವತರಣಿಕೆ ಇರಬೇಕು.

ಸರಕಾರ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ಕಾರ್ಮಿಕ ಸಂಘಗಳ ಕಚೇರಿಗಳಿವೆ, ಸಹಕಾರಿ ಸಂಘಗಳ ಸಭಾಗೃಹಗಳಿವೆ, ವ್ಯಾಪಾರಿಗಳ ಸಂಘಗಳಿವೆ. ಒಂದು ಬಿಳಿಯ ಬಟ್ಟೆ, ಒಂದು ಬಾಡಿಗೆ ಯಂತ್ರ, ತಿಂಗಳಿಗೊಂದು ಸಂಜೆ, ತಲೆಗಿಷ್ಟೆಂದು ಚಂದಾ. ಚಂದಾದಲ್ಲಿ ಒಂದು ಪಾಲು ಚಿತ್ರ ತೆಗೆದವನಿಗೆ ಸಲ್ಲಲಿ. ನಮ್ಮ ಬದುಕಿಗೆ ಸಾಕ್ಷಿ ನುಡಿಯಲು ಅವನು ಬಂದಿದ್ದಾನೆ. ಆ ಸಾಕ್ಷಿಯನ್ನು ಮೊದಲು ಕೇಳಬೇಕಾದವರು ನಾವೇ.