ಗಾಜು, ಹಗ್ಗ ಮತ್ತು ಬಟವಾಡೆ

ಮೊದಲೇ ಹೇಳಿಬಿಡ್ತೀನಿ. ಹಗ್ಗದಲ್ಲಿ ನೇತಾಡಿಕೊಂಡು ಗಾಜು ಒರೆಸುವವರಿಗೆ ಚದರಡಿಗೆ ಇಷ್ಟು ಅಂತ ಕೂಲಿ ಕೊಡುವುದು ನನ್ನ ಪ್ರಕಾರ ತಪ್ಪು. ದಿನಗೂಲಿ ಕೊಡಿ, ತಿಂಗಳ ಪಗಾರ ಕೊಡಿ, ಅಡಿ ಲೆಕ್ಕ ಮಾತ್ರ ಬೇಡ. ಇವನೇನು ಕೀಬೋರ್ಡ್ ಕುಟ್ಟೋದು ಬಿಟ್ಟು ಗಾಜಿನ ವಿಷಯಕ್ಕೆ ಬಂದ ಅಂತ ನಗಬೇಡಿ. ಒಂದೂವರೆ ವರ್ಷದಿಂದ ನನ್ನ ಶನಿವಾರಗಳೆಲ್ಲ ಹೋಗ್ತಿರೋದು ಇದೇ ಲೆಕ್ಕಕ್ಕೆ.

ನಮ್ಮ ಭಾವ (ಸೋದರತ್ತೆ ಮಗ, ಅಕ್ಕನ ಗಂಡ ಅಲ್ಲ, ನನಗೆ ಅಕ್ಕನೇ ಇಲ್ಲ) ಬೆಂಗಳೂರಿನಲ್ಲಿ ಗಾಜಿನ ಕಟ್ಟಡ ತೊಳೆಸುವ ಸಣ್ಣ ಬಿಸಿನೆಸ್ ಮಾಡ್ತಾರೆ. ಹನ್ನೊಂದು ಜನ ಹುಡುಗರು, ಒಂದು ಹಳೇ ಟಾಟಾ ಏಸ್, ರಾಶಿ ಹಗ್ಗ. ಹುಡುಗರಲ್ಲಿ ಐದು ಜನ ಯಾದಗಿರಿ ಕಡೆಯವರು, ನಾಲ್ಕು ಜನ ಒಡಿಶಾದವರು, ಇಬ್ಬರು ಮಾತ್ರ ಇಲ್ಲೇ ನೆಲಮಂಗಲದವರು. ಔಟರ್ ರಿಂಗ್ ರೋಡು, ವೈಟ್‌ಫೀಲ್ಡು ಕಡೆ ದೊಡ್ಡ ದೊಡ್ಡ ಗಾಜಿನ ಡಬ್ಬಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಕಡೆ ಟೆರೇಸಿನಿಂದ ಇಳಿಬಿಡುವ ತೊಟ್ಟಿಲಿನಂಥ ಯಂತ್ರವೇ ಇರುತ್ತೆ. ಆರೆಂಟು ಮಹಡಿಯ ಸಾಧಾರಣ ಕಟ್ಟಡಗಳಿಗೆ ಸಾಮಾನ್ಯವಾಗಿ ಅದೆಲ್ಲ ಇರಲ್ಲ. ಅಲ್ಲಿಗೆ ಭಾವನಂಥವರು ಬೇಕು. ಹಾಜರಿ, ಅಡ್ವಾನ್ಸು, ಬಟವಾಡೆ ಎಲ್ಲ ಅವರ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿತ್ತು. "ಇದನ್ನೊಂದು ಕಂಪ್ಯೂಟರಿಗೆ ಹಾಕಿಕೊಡೋ ಮಾರಾಯ" ಅಂದರು. ನಾನು ಸಿಕ್ಕಿಬಿದ್ದೆ.

ಆಫೀಸಿನ ಒಳಗೆ ಕೂತ ನಮಗೆ ಕಾಣುವುದು ಹಗ್ಗದಲ್ಲಿರುವ ಹುಡುಗ ಒಬ್ಬನೇ. ನಿಜವಾಗಿ ಒಂದು ತಂಡ ಅಂದರೆ ಐದು ಜನ. ಮೂವರು ಹಗ್ಗದಲ್ಲಿ. ಒಬ್ಬ ಟೆರೇಸಿನ ಮೇಲೆ: ಹಗ್ಗ ಕಟ್ಟಿದ ಕಂಬ ಗಟ್ಟಿಯಿದೆಯಾ, ಪ್ಯಾರಪೆಟ್ ಗೋಡೆಯ ಅಂಚಿಗೆ ಹಗ್ಗ ಉಜ್ಜಿ ಸವೆಯದ ಹಾಗೆ ಅಡಿಗೆ ಹಾಕಿದ ಪ್ಯಾಡು ಜರುಗಿದೆಯಾ, ಯಾರಾದರೂ ಬಂದು ಗಂಟು ಮುಟ್ಟಿದರಾ ಅಂತ ನೋಡಿಕೊಳ್ಳುವವನು. ಇನ್ನೊಬ್ಬ ಕೆಳಗೆ: ನೀರು, ಬಕೆಟ್ಟು, ಜನ ಅಡಿಯಲ್ಲಿ ಓಡಾಡದ ಹಾಗೆ ಟೇಪು ಕಟ್ಟುವುದು. ಹಗ್ಗದಲ್ಲಿರುವ ಪ್ರತಿಯೊಬ್ಬನಿಗೂ ಎರಡು ಹಗ್ಗ. ಒಂದು ಇಳಿಯೋದಕ್ಕೆ. ಇನ್ನೊಂದನ್ನು ಬೇರೆ ಕಡೆ ಕಟ್ಟಿರುತ್ತಾರೆ, ಮೊದಲನೇದು ಕೈಕೊಟ್ಟರೆ ಹಿಡಿಯೋದಕ್ಕೆ. ಆ ಎರಡನೇ ಹಗ್ಗಕ್ಕೂ ಮೈಮೇಲಿನ ಬೆಲ್ಟಿಗೂ ನಡುವೆ ಒಂದು ಹಿಡಿಕೆ. ಜೋರಾಗಿ ಎಳೆದರೆ, ಕಾರಿನ ಸೀಟ್ ಬೆಲ್ಟಿನ ಹಾಗೆ, ಕಚ್ಚಿಕೊಂಡುಬಿಡುತ್ತೆ.

ಈಗ ಅಡಿ ಲೆಕ್ಕ ತನ್ನಿ. ಭಾವ ಈ ಲೈನಿಗೆ ಬಂದಾಗ ಇದ್ದ ಪದ್ಧತಿ ಏನೆಂದರೆ, ಹಗ್ಗದಲ್ಲಿ ಇಳಿಯುವವನಿಗೆ ಒರೆಸಿದ ಚದರಡಿಗೆ ದುಡ್ಡು, ಮೇಲಿನವನಿಗೂ ಕೆಳಗಿನವನಿಗೂ ಅದಕ್ಕಿಂತ ಕಡಿಮೆ ದಿನಗೂಲಿ. ಕೇಳೋದಕ್ಕೆ ನ್ಯಾಯವಾಗೇ ಇದೆ ಅಲ್ವಾ, ಕಷ್ಟದ ಕೆಲಸಕ್ಕೆ ಹೆಚ್ಚು ದುಡ್ಡು. ಆದರೆ ಆಗೋದು ಹೀಗೆ. ಅನುಭವ ಇದ್ದವರೆಲ್ಲ ಹಗ್ಗಕ್ಕೇ ಹೋಗ್ತಾರೆ, ದುಡ್ಡು ಅಲ್ಲೇ ಇರೋದರಿಂದ. ಟೆರೇಸಿನ ಮೇಲೆ ಉಳಿಯೋನು ಮೊನ್ನೆ ಮೊನ್ನೆ ಊರಿಂದ ಬಂದ ಹುಡುಗ. ಮೂರು ಜನರ ಜೀವ ಯಾವ ಗಂಟಿನ ಮೇಲಿದೆಯೋ ಆ ಗಂಟನ್ನು ಕಾಯುವವನಿಗೆ ತಂಡದಲ್ಲೇ ಅತಿ ಕಡಿಮೆ ಗೊತ್ತು. ಅವನು ಮಧ್ಯಾಹ್ನ ಫೋನ್ ನೋಡ್ತಾ ನೆರಳಿಗೆ ಹೋದರೆ ಅವನನ್ನು ಬೈದು ಏನು ಪ್ರಯೋಜನ?

ಇನ್ನು ಸಮಯದ ಲೆಕ್ಕ. ಒಂದು ಪಟ್ಟಿ ಮೇಲಿಂದ ಕೆಳಗೆ ಮುಗಿದರೆ, ಪಕ್ಕದ ಪಟ್ಟಿಗೆ ಹೋಗಲು ಲಿಫ್ಟಿನಲ್ಲಿ ಮತ್ತೆ ಮೇಲೆ ಹೋಗಬೇಕು, ಎರಡೂ ಹಗ್ಗ ಬಿಚ್ಚಿ ಜರುಗಿಸಿ ಕಟ್ಟಬೇಕು, ಪರೀಕ್ಷೆ ಮಾಡಬೇಕು. ಆ ಹೊತ್ತಿನಲ್ಲಿ ಒಂದು ಚದರಡಿಯೂ ಒರೆಸಿದ ಹಾಗಾಗಲ್ಲ, ಅಂದರೆ ಒಂದು ಪೈಸೆಯೂ ಇಲ್ಲ. ಹಾಗಾಗಿ ಹುಡುಗರು ಗೋಡೆಗೆ ಕಾಲು ಕೊಟ್ಟು ಗಡಿಯಾರದ ಲೋಲಕದ ಹಾಗೆ ಪಕ್ಕಕ್ಕೆ ತೂಗಿಕೊಂಡು ಎರಡು ಪಟ್ಟಿಯಷ್ಟು ಅಗಲ ಒಂದೇ ಇಳಿತದಲ್ಲಿ ಒರೆಸ್ತಾರೆ. ಹಾಗೆ ತೂಗಿದಷ್ಟು ಸಲವೂ ಮೇಲೆ ಅಂಚಿನಲ್ಲಿ ಹಗ್ಗ ಗರಗಸದ ಹಾಗೆ ಆಡುತ್ತೆ. ಎರಡನೇ ಹಗ್ಗ ಪಕ್ಕಕ್ಕೆ ಎಳೆಯುತ್ತೆ ಅಂತ ಕೆಲವರು ಅದನ್ನು ಬಿಚ್ಚಿಯೇ ಬಿಡ್ತಾರೆ. ಭಾವನ ಹಳೇ ಹುಡುಗನೊಬ್ಬ ಹಿಂದೆ ಬೇರೆ ಕಡೆ ಕೆಲಸಕ್ಕಿದ್ದಾಗ ಐದನೇ ಮಹಡಿಯಲ್ಲಿ ಹೀಗೇ ಒಂದೇ ಹಗ್ಗದಲ್ಲಿ ಇದ್ದನಂತೆ. ಕೆಳಗೆ ಬಂದು ನೋಡಿದರೆ ಹಗ್ಗದ ಮೇಲುಕವಚ ಹರಿದು ಒಳಗಿನ ಬಿಳಿ ಎಳೆ ಕಾಣ್ತಿತ್ತಂತೆ. "ಆ ದಿನ ಮಾತ್ರ ಪಗಾರ ಚೊಲೋ ಬಂದಿತ್ತರಿ" ಅಂತ ನಗ್ತಾನೆ ಪುಣ್ಯಾತ್ಮ. ನನಗೆ ನಗು ಬರಲಿಲ್ಲ.

ನಮ್ಮ ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1982ರಲ್ಲಿ ಆಪಲ್ ಕಂಪನಿಯ ಲೀಸಾ ತಂಡದಲ್ಲಿ ಪ್ರತಿ ವಾರ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಫಾರಂ ತುಂಬಿಸಿಕೊಳ್ಳೋಕೆ ಶುರುಮಾಡಿದರು. ಬಿಲ್ ಅಟ್ಕಿನ್ಸನ್ ಆ ವಾರ ಕ್ವಿಕ್‌ಡ್ರಾದ ಒಂದು ಭಾಗವನ್ನು ಚೊಕ್ಕವಾಗಿ, ವೇಗವಾಗಿ ಓಡುವ ಹಾಗೆ ತಿದ್ದಿ ಬರೆದು ಎರಡು ಸಾವಿರ ಸಾಲು ಕಡಿಮೆ ಮಾಡಿದ್ದರು. ಫಾರಂನಲ್ಲಿ -2000 ಅಂತ ತುಂಬಿ ಕೊಟ್ಟರು. ಕೆಲವೇ ವಾರಗಳಲ್ಲಿ ಅವರಿಂದ ಫಾರಂ ಕೇಳೋದನ್ನು ನಿಲ್ಲಿಸಿದರು. ಅದನ್ನು ಓದಿ ನಾವು ಖುಷಿಪಡ್ತೀವಿ. ಕಿಟಕಿಯ ಆಚೆ ಒಬ್ಬನಿಗೆ ಅದೇ ಫಾರಂ ತುಂಬಿಸ್ತಿರೋದು ಮಾತ್ರ ಕಾಣಲ್ಲ.

ಇನ್ನೊಂದು ತಮಾಷೆ, ಎಲ್ಲ ಅಡಿಯೂ ಒಂದೇ ಅಲ್ಲ. ಸಪಾಟಾದ ಗಾಜು ಬೆಣ್ಣೆ ಸವರಿದ ಹಾಗೆ ಹೋಗುತ್ತೆ. ಅಲಂಕಾರಕ್ಕೆ ಅಂತ ಅಲ್ಯೂಮಿನಿಯಂ ಪಟ್ಟಿಗಳನ್ನು ಕೂರಿಸಿದ ಮುಖಕ್ಕೆ ಮೂರು ಪಟ್ಟು ಹೊತ್ತು. ಬೋರ್‌ವೆಲ್ ನೀರು ಹಾರಿ ಹಾರಿ ಬಿಳಿ ಚುಕ್ಕೆ ಕಟ್ಟಿದ ಗಾಜಂತೂ ಎಷ್ಟು ಉಜ್ಜಿದರೂ ಬಗ್ಗಲ್ಲ, ಅದಕ್ಕೆ ಬೇರೆಯೇ ಕೆಮಿಕಲ್ ಬೇಕು. ಅಡಿ ಲೆಕ್ಕ ಇರುವ ಕಡೆ ಬೆಳಗಿನ ಮೊದಲ ಜಗಳವೇ ಯಾವ ಮುಖ ಯಾರಿಗೆ ಅಂತ. ಮೇಸ್ತ್ರಿ ತನ್ನ ಊರಿನವರಿಗೆ ಸಪಾಟು ಗಾಜು ಕೊಟ್ಟು ಉಳಿದವರಿಗೆ ಪಟ್ಟಿ ಇರೋದು ಕೊಡ್ತಾನೆ.

ಭಾವನ ವಾದ ಬೇರೆ. "ದಿನಗೂಲಿ ಕೊಟ್ಟರೆ ಬೀಡಿ ಸೇದ್ತಾ ಕೂರ್ತಾರೆ ಮಾರಾಯ. ನೀನು ಏ.ಸೀಲಿ ಕೂತು ಮಾತಾಡ್ತೀಯ. ಹತ್ತು ದಿನದ ಕೆಲಸ ಹದಿನೈದು ದಿನ ಆದರೆ ನನ್ನ ಮನೆ ಬಾಗಿಲು ಮುಚ್ಚುತ್ತೆ." ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಸಣ್ಣ ಬಿಸಿನೆಸ್ಸಿನಲ್ಲಿ ಐದು ದಿನ ಜಾಸ್ತಿ ಅಂದರೆ ಲಾಭ ಅಷ್ಟೂ ಹೋಯ್ತು. ಅದಕ್ಕೆ ನಾವಿಬ್ಬರೂ ಕೂತು ಹಾಕಿದ ಲೆಕ್ಕ ನೋಡಿ. ಸಂಖ್ಯೆಗಳು ಉದಾಹರಣೆಗೆ ಅಷ್ಟೇ, ಯಾವ ಕಂಪನಿಯ ರೇಟೂ ಅಲ್ಲ. 40,000 ಚದರಡಿ ಗಾಜು, ಅಡಿಗೆ 3 ರೂಪಾಯಿ, ಒಟ್ಟು 1,20,000. ಒಬ್ಬ ದಿನಕ್ಕೆ ಸಾವಿರ ಅಡಿ ಅಂತ ಹಿಡಿದರೆ ಮೂವರಿಗೆ ಸುಮಾರು 14 ದಿನ. ಹಗ್ಗದ ಮೂವರಿಗೂ ಟೆರೇಸಿನವನಿಗೂ 1,200ರ ಹಾಗೆ, ಕೆಳಗಿನವನಿಗೆ 800. ದಿನಕ್ಕೆ 5,600, ಹದಿನಾಲ್ಕು ದಿನಕ್ಕೆ 78,400. ಮಿಕ್ಕ 41,600ರಲ್ಲಿ ಹಗ್ಗ, ಕೆಮಿಕಲ್ಲು, ಡೀಸೆಲ್ಲು, ವಿಮೆ, ಭಾವನ ಮನೆ. ಟೆರೇಸಿನವನ ಕೂಲಿ ಹಗ್ಗದವರಷ್ಟೇ ಇದೆ ಗಮನಿಸಿ. ನಾನು ಹಟ ಹಿಡಿದು ಒಪ್ಪಿಸಿದ್ದು ಅದೊಂದನ್ನೇ. ಈಗ ಅಲ್ಲಿ ಕೂರುವವನು ತಂಡದಲ್ಲೇ ಹಳಬ, ಎರಡನೇ ಹಗ್ಗ ಹಾಕದೆ ಯಾರನ್ನೂ ಅಂಚಿನಾಚೆ ಬಿಡಲ್ಲ.

ಬೀಡಿ ಸೇದೋ ಪ್ರಶ್ನೆಗೆ ಉತ್ತರ ತಂಡ ಕಟ್ಟೋದರಲ್ಲೇ ಇದೆ. ಜೊತೆಗಾರರನ್ನು ಹುಡುಗರೇ ಆರಿಸಿಕೊಳ್ಳಲಿ, ಪದೇ ಪದೇ ಬದಲಾಯಿಸಬೇಡಿ. ದಿನಾ ಒಂದೇ ಹಗ್ಗ ಕಟ್ಟುವವರಿಗೆ ಯಾರು ಮೈಗಳ್ಳ ಅಂತ ನಮಗಿಂತ ಮೊದಲು ಗೊತ್ತಾಗುತ್ತೆ. ಕೆಲಸ ಒಪ್ಪಿಸಿದ ಮೇಲೆ ಕಲೆ ಉಳಿದಿದೆ ಅಂತ ವಾಪಸ್ ಕರೆಯದಿದ್ದರೆ ಇಡೀ ತಂಡಕ್ಕೆ ಸಮನಾಗಿ ಒಂದಿಷ್ಟು ಬೋನಸ್ ಕೊಡಿ. ಬೇಗ ಮುಗಿಸಿದ್ದಕ್ಕೆ ಮಾತ್ರ ಕೊಡಬೇಡಿ, ಅದು ಹಿಂಬಾಗಿಲಿಂದ ಬಂದ ಅಡಿ ಲೆಕ್ಕವೇ.

ಮಳೆಯ ವಿಷಯಕ್ಕೆ ಬರೋಣ, ಏಕೆಂದರೆ ಭಾವನೂ ನಾನೂ ಇನ್ನೂ ಕಿತ್ತಾಡ್ತಿರೋದು ಅದಕ್ಕೇ. ಬೆಂಗಳೂರಿನ ಏಪ್ರಿಲ್, ಮೇ ಗೊತ್ತಲ್ಲ. ಬೆಳಗ್ಗೆ ಸುಡುಬಿಸಿಲು, ಮೂರು ಗಂಟೆಗೆ ಗಾಳಿ, ಗುಡುಗು. ಸೆಪ್ಟೆಂಬರ್ ಅಂತೂ ಕೇಳೋದೇ ಬೇಡ. ಗಾಳಿ ಎದ್ದ ಕೂಡಲೇ ಹುಡುಗರನ್ನು ಇಳಿಸಬೇಕು. ಅಡಿ ಲೆಕ್ಕದಲ್ಲಿ ಆ ನಷ್ಟ ಪೂರ್ತಿ ಹುಡುಗನದು, ಹಾಗಾಗಿ ಅವನು ಇಳಿಯಲ್ಲ, "ಇನ್ನೊಂದು ಪಟ್ಟಿ" ಅಂತಾನೆ. ಕಾನೂನು ಏನು ಹೇಳುತ್ತೆ ಅಂತ ನೋಡಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸಕ್ಕೆ ಬಂದವನು ತನ್ನ ಮನಸ್ಸಿಲ್ಲದೆ ಬಿಟ್ಟು ಹೋಗಿದ್ದಲ್ಲದಿದ್ದರೆ, ನಿಯಮಗಳಲ್ಲಿ ಹೇಳುವ ವಿನಾಯಿತಿಗಳನ್ನು ಬಿಟ್ಟು, ದಿನ ಅರ್ಧವೇ ಆದರೂ ಪೂರ್ತಿ ದಿನದ ಕನಿಷ್ಠ ವೇತನ ಕೊಡಬೇಕು. ಹೊಸದೇನಲ್ಲ, 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇದೇ ಇತ್ತು. ಅಡಿ ಲೆಕ್ಕದವನಿಗೂ ದಿನದ ಕನಿಷ್ಠಕ್ಕಿಂತ ಕಡಿಮೆ ಬೀಳೋ ಹಾಗಿಲ್ಲ.

ಮೂರು ದಿನ ಪೂರ್ತಿ ಮಳೆಗೆ ಹೋಯ್ತು, ಪೂರ್ತಿ ಕೂಲಿ ಕೊಟ್ಟೆವು ಅಂತಲೇ ಇಟ್ಟುಕೊಳ್ಳಿ. ಮೇಲಿನ ಲೆಕ್ಕದಲ್ಲಿ 16,800. ಅದನ್ನು 40,000 ಅಡಿಗೆ ಹಂಚಿದರೆ ಅಡಿಗೆ 42 ಪೈಸೆ. ಅಷ್ಟೇ ಸ್ವಾಮಿ! ಗಿರಾಕಿಯ ಹತ್ತಿರ ಅಡಿ ಲೆಕ್ಕದಲ್ಲೇ ಕೊಟೇಶನ್ ಹಾಕಿ, ತೊಂದರೆಯಿಲ್ಲ, ಕಟ್ಟಡ ಅಳೆಯೋಕೆ ಬೇರೆ ದಾರಿಯೂ ಇಲ್ಲ. ಮಳೆ ಸೇರಿಸಿ 3 ರೂಪಾಯಿ 42 ಪೈಸೆ ಅನ್ನಿ. ಪಕ್ಕದವನು ಮಳೆಯನ್ನು ಹುಡುಗರ ತಲೆಗೆ ಕಟ್ಟಿ 3 ರೂಪಾಯಿಗೆ ಹಾಕ್ತಾನೆ, ಆರ್ಡರ್ ಅವನಿಗೇ ಹೋಗುತ್ತೆ ಅಂತಾರೆ ಭಾವ. ಹೋಗುತ್ತೆ, ನಿಜ. ಕಡಿಮೆ ರೇಟಿನವನನ್ನು ಆರಿಸುವವರು ಯಾರು ಅಂದರೆ ನಮ್ಮ ನಿಮ್ಮಂಥ ಆಫೀಸುಗಳ ಫೆಸಿಲಿಟಿ, ಪರ್ಚೇಸ್ ವಿಭಾಗಗಳೇ.

ವಿಮೆ ವಿಷಯದಲ್ಲೊಂದು ಗುಂಡಿ ಇದೆ. ಹತ್ತು ಜನಕ್ಕಿಂತ ಹೆಚ್ಚಿದ್ದರಿಂದ ಭಾವ ಇ.ಎಸ್.ಐ. ಕಟ್ಟಬೇಕು, ಕಟ್ತಾರೆ. ಆದರೆ 2017ರಲ್ಲಿ ಇಟ್ಟ ಮಿತಿ ತಿಂಗಳಿಗೆ 21,000. ದಿನಕ್ಕೆ 800ರ ಹಾಗೆ 26 ದಿನ ಅಂದರೆ 20,800, ಕೆಳಗೆ ಟೇಪು ಕಟ್ಟುವವನು ಒಳಗೆ. 1,200ರವನಿಗೆ 31,200, ಅವನು ಹೊರಗೆ. ನೆಲದ ಮೇಲಿರುವವನಿಗೆ ರಕ್ಷಣೆ, ಎಂಟನೇ ಮಹಡಿಯವನಿಗೆ ಇಲ್ಲ! ಮೇಲಿನವರಿಗೆ ಬೇರೆಯಾಗಿ ಅಪಘಾತ ಪರಿಹಾರದ ಪಾಲಿಸಿ ಮಾಡಿಸಲೇಬೇಕು. ಎಷ್ಟು ಜನ ಸಣ್ಣ ಕಂಟ್ರ್ಯಾಕ್ಟರುಗಳು ಮಾಡಿಸ್ತಾರೋ ದೇವರಿಗೇ ಗೊತ್ತು.

ಕೊನೇದು ಬಟವಾಡೆಯ ತಾರೀಕು. ಈ ಲೈನಿನಲ್ಲಿ ಮಾಮೂಲು ಏನೆಂದರೆ ವಾರಕ್ಕೊಮ್ಮೆ ಊಟದಷ್ಟು ಖರ್ಚಿ, ಉಳಿದದ್ದು "ಪಾರ್ಟಿ ದುಡ್ಡು ಬಂದ ಮೇಲೆ". ಪಾರ್ಟಿ ಅಂದರೆ ಬಿಲ್ಲನ್ನು ಪೋರ್ಟಲ್ಲಿಗೆ ಹಾಕಿಸಿಕೊಂಡು ಎರಡು ಮೂರು ತಿಂಗಳು ಕೂರುವ ದೊಡ್ಡ ಕಂಪನಿ. ಅಂದರೆ ಯಾದಗಿರಿಯ ಹುಡುಗ ಆ ದೊಡ್ಡ ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯ್ತು. ಊರಲ್ಲಿ ಅವನ ಅಪ್ಪ ಬೀಜ ಗೊಬ್ಬರಕ್ಕೆ ಬಡ್ಡಿಗೆ ತಂದಿರ್ತಾನೆ ಅನ್ನೋದು ಬೇರೆ ಮಾತು. ತಿಂಗಳ ಸಂಬಳದವನಿಗೆ ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ, ವಾರದವನಿಗೆ ವಾರದ ಕೊನೇ ಕೆಲಸದ ದಿನ ಕೊಡಬೇಕು ಅನ್ನುತ್ತೆ ಸಂಹಿತೆ. ಪಾರ್ಟಿ ಕೊಟ್ಟ ಮೇಲೆ ಅಂತ ಎಲ್ಲೂ ಇಲ್ಲ. ಭಾವ ಈಗ ಒಂದು ತಿಂಗಳ ಕೂಲಿಯಷ್ಟನ್ನು ಬೇರೆ ಖಾತೆಯಲ್ಲಿಟ್ಟು ಶನಿವಾರ ಶನಿವಾರ ಯು.ಪಿ.ಐ. ಮಾಡ್ತಾರೆ. ಆ ಖಾತೆ ತುಂಬಿಸೋಕೆ ಅತ್ತೆಯ ಬಳೆ ಬ್ಯಾಂಕಿಗೆ ಹೋಗಿದೆ.

ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಕಾಯ್ದೆಯೇ ಇದೆ. ತಡ ಮಾಡಿದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆಯಲ್ಲಿ ತೋರಿಸೋ ಹಾಗಿಲ್ಲ ಅಂತ 2023ರ ಬಜೆಟ್ಟಿನಲ್ಲಿ ಇನ್ನೊಂದು ನಿಯಮ ತಂದರು. ಇದು ಸ್ವಲ್ಪ ಕೆಲಸ ಮಾಡಿದೆ, ಮಾರ್ಚ್ ಕೊನೆಗೆ ಭಾವನ ಫೋನ್ ಟಿಂಗ್ ಟಿಂಗ್ ಅನ್ನುತ್ತೆ :) ಬಡ್ಡಿ ಕೇಳಿ ದೂರು ಕೊಡಿ ಅಂದರೆ "ಮುಂದಿನ ವರ್ಷ ಗೇಟಿನೊಳಗೆ ಬಿಡ್ತಾರಾ?" ಅಂತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪರ್ಚೇಸ್ ವಿಭಾಗದಲ್ಲಿ ಕೂತಿರುವ ನಮ್ಮ ಬ್ಲಾಗಿಗ ಮಿತ್ರರು ಯಾರಾದರೂ ಇದ್ದರೆ ಹೇಳಿ.

ಮುಂದಿನ ವಾರ ಸರ್ಜಾಪುರ ರಸ್ತೆಯ ಏಳು ಮಹಡಿಯ ಕಟ್ಟಡವೊಂದಕ್ಕೆ ಭಾವ ಕೊಟೇಶನ್ ಹಾಕ್ತಿದ್ದಾರೆ. ಶೀಟಿನಲ್ಲಿ "ಮಳೆ" ಅಂತ ಒಂದು ಕಾಲಂ ಸೇರಿಸಿ ಮೂರು ದಿನ ತುಂಬಿ ಕಳಿಸಿದ್ದೆ. ನಿನ್ನೆ ರಾತ್ರಿ ನೋಡಿದರೆ ಅದನ್ನು ಒಂದೂವರೆ ದಿನ ಮಾಡಿದ್ದಾರೆ. ನಾನು ಮತ್ತೆ ಮೂರು ಮಾಡಿ ಇಟ್ಟಿದ್ದೀನಿ.