ರಾಜಿಗೆ ಮೊದಲು ಎಫ್‌ಐಆರ್
ಶಿವಮೊಗ್ಗ–ಭದ್ರಾವತಿ ನಡುವಿನ ಬಿ.ಎಚ್. ರಸ್ತೆಯಲ್ಲಿ ಬೈಕಿಗೆ ಕಾರು ಗುದ್ದಿ, ಗಾಯಾಳುವನ್ನು ಮೆಗ್ಗಾನ್ ಆಸ್ಪತ್ರೆಗೆ ಸೇರಿಸುವಷ್ಟರಲ್ಲೇ ಯಾರಾದರೊಬ್ಬರು ‘ಕೇಸು ಯಾಕೆ, ರಾಜಿ ಮಾಡ್ಕೊಳ್ಳಿ’ ಅಂದಿರುತ್ತಾರೆ. ಐದೋ ಹತ್ತೋ ಸಾವಿರ ಕೈಗೆ ಬರುತ್ತದೆ. ಮುರಿದ ಕಾಲಿಗೆ ಎರಡನೇ ಆಪರೇಷನ್ ಎಂದಾಗ ಹಣ ಕೊಟ್ಟವರು ಫೋನ್ ಎತ್ತುವುದಿಲ್ಲ. ಇದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ಪರಿಹಾರ ಕೊಡುವುದು ಬಹುಪಾಲು ವಿಮಾ ಕಂಪನಿ. ಚಾಲಕನ ಮೇಲಿನ ಕನಿಕರಕ್ಕೆ ಹಕ್ಕು ಬಿಟ್ಟುಕೊಡಬೇಕಿಲ್ಲ. ಅಪಘಾತ ಬೆಂಗಳೂರಿನಲ್ಲಾದರೂ ಭದ್ರಾವತಿಯವರು ತಮ್ಮ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು 2022ರ ಏಪ್ರಿಲ್ 1ರಿಂದ ಮತ್ತೆ ಕಾನೂನಿಗೆ ಬಂದಿದೆ; ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ, ಆದರೂ ತಡ ಮಾಡಬೇಡಿ. ಗುದ್ದಿದ ವಾಹನ ಪತ್ತೆಯೇ ಆಗದಿದ್ದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಉಂಟು. ಅಡಿಕೆ ಸುಲಿಯಲು ಹೋಗುವ ಹೆಂಗಸಿನ ಬಳಿ ಸಂಬಳದ ಚೀಟಿ ಇರುವುದಿಲ್ಲ, ನಿಜ. ಆದರೆ ನ್ಯಾಯಮಂಡಳಿ ಆಕೆಯ ದುಡಿಮೆಗೂ ಅಂದಾಜು ಆದಾಯ ಕಟ್ಟುತ್ತದೆ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ ತೀರ್ಪಿನ ಲೆಕ್ಕದಲ್ಲಿ, ವರ್ಷದ ಆದಾಯ ನಷ್ಟವನ್ನು ಗುಣಿಸುವ ಸಂಖ್ಯೆ, ಅಂದರೆ ಗುಣಕ, 35ರ ವಯಸ್ಸಿಗೆ 16. ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಕಾರ್ಡ್, ಮೆಡಿಕಲ್ ಅಂಗಡಿಯ ನಲವತ್ತು ರೂಪಾಯಿಯ ಬಿಲ್ಲು, ಎಲ್ಲವನ್ನೂ ಒಂದೇ ಕವರಿನಲ್ಲಿ ಜೋಪಾನ ಮಾಡಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಹೆಂಗಸರಿಗೆ, ಬಡವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ದಯವಿಟ್ಟು ಮೊದಲು ಎಫ್‌ಐಆರ್ ಮಾಡಿಸಿ, ರಾಜಿಯ ಮಾತು ಆಮೇಲೆ.